ಕರೆಯದೆ ಹೋಗುವ ಮನೆ

"ಅಜ್ಜಾ, ಒಬ್ಬ ಕಲಾವಿದೆ ಎಲ್ಲ ತಾಯಂದಿರ ಪಾತ್ರವನ್ನೂ ಒಂದೇ ತರಹ ಮಾಡಿದರೆ ಅದು ದೋಷವೋ ಅಲ್ಲವೋ?" ಎಂದು ಈರಸಂಗ ಕೇಳಿದ.

ಅಡವಯ್ಯಜ್ಜನವರು ಮಠದ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಕಲಾವಿದೆ?"

"ಸಂತೆಪೇಟೆಯಲ್ಲಿ ಡೇರೆ ಹಾಕಿದ್ದಾರಲ್ಲ, ಆ ನಾಟಕ ಕಂಪನಿಯವಳು. ಮೊನ್ನೆ ರಾಣಿಯಾಗಿದ್ದಳು, ಮಗ ಯುದ್ಧದಲ್ಲಿ ಸತ್ತ. ನಿನ್ನೆ ಕೂಲಿಯ ಹೆಂಗಸಾಗಿದ್ದಳು, ಮಗ ಬಾವಿಗೆ ಬಿದ್ದು ಸತ್ತ. ಎರಡಕ್ಕೂ ಅದೇ ಅಳು. ಸೆರಗು ಬಾಯಿಗೆ ಒತ್ತಿಕೊಳ್ಳುವುದು, ಹಿಂದಕ್ಕೆ ಸರಿಯುವುದು, ಮೊಣಕಾಲೂರಿ ಅಯ್ಯೋ ಕಂದಾ ಅನ್ನುವುದು. ರಾಣಿಗೂ ಕೂಲಿಯವಳಿಗೂ ವ್ಯತ್ಯಾಸವೇ ಬೇಡವೇ? ನನಗಂತೂ ತಡೆಯಲಾಗಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ಅವಳಿಗೇ ಹೇಳಿ ಬರುತ್ತೇನೆ."

"ಅದಿರಲಿ, ನಿನಗೆ ಅಳು ಬಂತೋ ಇಲ್ಲವೋ?"

"ಬಂತು. ಮೊನ್ನೆಯೂ ಬಂತು, ನಿನ್ನೆಯೂ ಬಂತು. ಅದು ಬೇರೆ ಮಾತು ಅಜ್ಜಾ."

"ಬೇರೆ ಮಾತಂತೆ! ಉಂಡ ಮನೆಯ ಜಂತೆ ಎಣಿಸುವವನು ನೀನು. ಕೂತುಕೋ. ಸುಮ್ಮನೆ ಕೂರಬೇಡ, ಈ ಹುಣಸೆ ಬಿಡಿಸು. ಒಂದು ಕತೆ ಹೇಳುತ್ತೇನೆ."

ಈರಸಂಗ ಕೂತ. ಅಜ್ಜ ಹೇಳಿದರು.

ಬಹಳ ಹಿಂದೆ ಒಂದು ನಾಟಕ ಕಂಪನಿಯಲ್ಲಿ ಒಬ್ಬ ನಟನಿದ್ದ. ಆ ಕಾಲದಲ್ಲಿ ಹೆಂಗಸರು ರಂಗಕ್ಕೆ ಬರುತ್ತಿರಲಿಲ್ಲ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡಬೇಕು. ಈ ನಟ ಮೀಸೆ ಚಿಗುರಿದಾಗಿನಿಂದ ತಾಯಿಯ ಪಾತ್ರ ಮಾಡಿಕೊಂಡು ಬಂದವನು. ಅವನ ಹೆಸರು ಏನಿತ್ತೋ, ಕಂಪನಿಯಲ್ಲಿ ಎಲ್ಲರೂ ಅವನನ್ನು ಅವ್ವ ಎಂದೇ ಕರೆಯುತ್ತಿದ್ದರು. ನಗಬೇಡ. ಅವನಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು, ಪ್ರೀತಿಯಿಂದಲೇ ಕರೆಯುತ್ತಿದ್ದರು.

ಅವನಿಗೆ ಒಂದೇ ಅಳು ಗೊತ್ತಿತ್ತು. ಅದನ್ನು ಅವನ ಗುರು ಕಲಿಸಿದ್ದ. ಆ ಗುರುವಿಗೆ ಅವನ ಗುರು ಕಲಿಸಿದ್ದ. ಮಗ ಸತ್ತ ಸುದ್ದಿ ಬಂದ ಕೂಡಲೇ ಸೆರಗು ಬಾಯಿಗೆ ಹೋಗಬೇಕು, ಕಾಲು ಹಿಂದಕ್ಕೆ ಸರಿಯಬೇಕು, ಮೊಣಕಾಲು ನೆಲಕ್ಕೆ ಊರಬೇಕು, ಆಮೇಲೆ ಒಂದು ಕೂಗು. ನಾಟಕ ಯಾವುದಾದರೂ ಅಷ್ಟೇ. ರಾಣಿಯಾದರೂ ಅಷ್ಟೇ, ತಿರುಕಿಯಾದರೂ ಅಷ್ಟೇ.

ಜನಕ್ಕೆ ಅದು ಬಾಯಿಪಾಠವಾಗಿತ್ತು. ಸೆರಗು ಮೇಲೆದ್ದಿತೋ ಇಲ್ಲವೋ, ಹೆಂಗಸರು ಕೂತ ಕಡೆಯಿಂದ ಮೂಗು ಒರೆಸುವ ಸದ್ದು ಬರುತ್ತಿತ್ತು. ಮಕ್ಕಳನ್ನು ಮಣ್ಣಿಗೆ ಕೊಟ್ಟವರು ಆ ಕೂಗು ಕೇಳಲೆಂದೇ ಬರುತ್ತಿದ್ದರು. ಮನೆಯಲ್ಲಿ ಅತ್ತರೆ ಅತ್ತೆ ಬೈಯುತ್ತಾಳೆ, ಹೊಲದಲ್ಲಿ ಅತ್ತರೆ ಕೆಲಸ ನಿಲ್ಲುತ್ತದೆ. ಡೇರೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದರು.

ಒಂದು ಊರಿನಲ್ಲಿ ಒಬ್ಬ ಬಲ್ಲವನಿದ್ದ. ಬಲ್ಲವರು ಎಲ್ಲ ಊರಲ್ಲೂ ಇರುತ್ತಾರೆ, ನಮ್ಮ ಮಠದಲ್ಲೂ ಒಬ್ಬ ಇದ್ದಾನೆ. ಅವನು ಮುಂದಿನ ಸಾಲಿನಲ್ಲಿ ಕೂತು ಒಂದು ವಾರ ನಾಟಕ ನೋಡಿದ. ಆಮೇಲೆ ಕಂಪನಿಯ ಮಾಲೀಕನನ್ನು ನಾಲ್ಕು ಜನರ ಎದುರು ಕರೆದು ಕೇಳಿದ.

"ಏನ್ರೀ ಮಾಲೀಕರ, ನಿಮ್ಮ ಅವ್ವಗ ಒಂದೇ ಅಳು ಬರತೈತೇನು? ರಾಣಿ ಅತ್ತರೂ ಅದೇ, ತಿರುಕಿ ಅತ್ತರೂ ಅದೇ. ಇದಕ್ಕ ಅಭಿನಯ ಅಂತಾರೇನ್ರೀ? ರೂಢಿ ಅಂತಾರ."

ನಾಲ್ಕು ಜನ ನಕ್ಕರು. ಮಾಲೀಕನ ಮುಖ ಸಣ್ಣದಾಯಿತು. ಅವನು ಸೀದಾ ಬಂದು ನಟನಿಗೆ ಹೇಳಿದ.

"ಮುಂದಿನ ಊರಾಗ ರಾಣಿ ಬ್ಯಾರೆ ಕಾಣಬೇಕು, ಬಡವಿ ಬ್ಯಾರೆ ಕಾಣಬೇಕು. ಇಲ್ಲಂದ್ರ ಅವ್ವನ ಪಾತ್ರ ಬ್ಯಾರೆಯವರಿಗೆ ಕೊಡತೀನಿ ನೋಡಪಾ."

ನಟ ಹೆದರಿದ. ತಾಯಿಯ ಪಾತ್ರ ಬಿಟ್ಟರೆ ಅವನಿಗೆ ಬೇರೆ ಬದುಕು ಇರಲಿಲ್ಲ. ರಾಜನ ಪಾತ್ರಕ್ಕೆ ದನಿ ಇಲ್ಲ, ಹಾಸ್ಯಕ್ಕೆ ಬಾಯಿ ಇಲ್ಲ. ಕನ್ನಡಿಯ ಮುಂದೆ ಕೂತು ಬೇರೆ ಬೇರೆ ಅಳು ಅತ್ತು ನೋಡಿದ. ಹೇಗೆ ಅತ್ತರೂ ಕೊನೆಗೆ ಗುರು ಕಲಿಸಿದ ಅಳುವೇ ಬಂತು. ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ತಾಯಿಯಾದೆ, ತಾಯಂದಿರು ಅಳುವುದನ್ನು ಒಮ್ಮೆಯೂ ಹತ್ತಿರದಿಂದ ನೋಡಲಿಲ್ಲವಲ್ಲ ಅಂದುಕೊಂಡ. ನೋಡಿ ಕಲಿಯಬೇಕು ಎಂದು ನಿಶ್ಚಯ ಮಾಡಿದ.

ಎಲ್ಲಿ ನೋಡುವುದು? ಈರಸಂಗಾ, ನಮ್ಮ ಕಡೆಯ ಪದ್ಧತಿ ನಿನಗೂ ಗೊತ್ತು. ಮದುವೆ ಮನೆಗೆ ಕರೆದರೆ ಹೋಗಬೇಕು, ಸತ್ತ ಮನೆಗೆ ಕರೆಯದೆ ಹೋಗಬೇಕು. ಆ ಮನೆಯ ಬಾಗಿಲು ಹಾಕುವ ಹಾಗಿಲ್ಲ. ನೀನು ಯಾರು, ಯಾಕೆ ಬಂದೆ ಎಂದು ಕೇಳುವ ಹಾಗಿಲ್ಲ. ದಾರಿಯಲ್ಲಿ ಹೋಗುವವನೂ ಒಳಗೆ ಬಂದು ಕೂರಬಹುದು. ದುಃಖಕ್ಕೆ ಜನ ಬೇಕು ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ನಟ ಆ ಬಾಗಿಲಿನಿಂದ ಒಳಗೆ ಹೋದ.

ಕಂಪನಿ ಹೋದ ಊರಿನಲ್ಲೆಲ್ಲ ಅವನು ವಿಚಾರಿಸುತ್ತಿದ್ದ. ಎಲ್ಲಿ ಮಗ ಸತ್ತಿದ್ದಾನೋ ಅಲ್ಲಿಗೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದ. ಅವನು ಕಲ್ಲೆದೆಯವನಲ್ಲ, ಸುಳ್ಳು ಹೇಳಬಾರದು. ಅವನೂ ಅಳುತ್ತಿದ್ದ. ಆದರೆ ಒಂದು ಕಣ್ಣು ಅಳುತ್ತಿತ್ತು, ಇನ್ನೊಂದು ಕಣ್ಣು ನೋಡುತ್ತಿತ್ತು.

ನೋಡಿದರೆ ಬಲ್ಲವನ ಮಾತು ಖರೆಯೇ ಆಗಿತ್ತು. ಯಾವ ತಾಯಿಯೂ ಇನ್ನೊಬ್ಬಳ ಹಾಗೆ ಅಳುತ್ತಿರಲಿಲ್ಲ. ಒಬ್ಬ ಗೌಡತಿ ಮಗನ ಹೆಣದ ಮುಂದೆ ಕಣ್ಣೀರು ಹಾಕಲಿಲ್ಲ, ಬೈದಳು. "ಏಳಲೇ ಮೈಗಳ್ಳಾ, ಹೊತ್ತು ನೆತ್ತಿಗೆ ಬಂತು, ಇನ್ನೂ ಮಲಗೀಯೇನು" ಎಂದು ಬೈದಳು. ಎತ್ತಿಕೊಂಡು ಹೋಗುವವರೆಗೂ ಬೈಯುತ್ತಲೇ ಇದ್ದಳು. ಒಬ್ಬ ಮುದುಕಿ ಬಂದವರನ್ನೆಲ್ಲ ಉಂಡಿರೇನು ಉಂಡಿರೇನು ಎಂದು ಕೇಳುತ್ತಾ ಓಡಾಡಿದಳು. ಕುಂಬಾರರ ಮನೆಯಲ್ಲಿ ಒಬ್ಬ ತಾಯಿ ಸತ್ತ ಮಗನ ಮೈಮೇಲಿನ ನೊಣವನ್ನು ಸೆರಗಿನಿಂದ ಓಡಿಸುತ್ತಿದ್ದಳು. ಹೆಣ ಎತ್ತಿಕೊಂಡು ಹೋದರು. ಗಂಡಸರೆಲ್ಲ ಹಿಂದೆ ಹೋದರು. ಅವಳು ಮಾತ್ರ ಕೂತಲ್ಲೇ ಕೂತು ಸೆರಗು ಬೀಸುತ್ತಿದ್ದಳು. ಅಲ್ಲಿ ಹೆಣವೂ ಇರಲಿಲ್ಲ, ನೊಣವೂ ಇರಲಿಲ್ಲ.

ನಟ ಅವನ್ನೆಲ್ಲ ರಂಗಕ್ಕೆ ತಂದ. ರಾಣಿಗೆ ಗೌಡತಿಯ ಬೈಗುಳ ಕೊಟ್ಟ. ಬಡವಿಗೆ ಕುಂಬಾರಗಿತ್ತಿಯ ಸೆರಗು ಕೊಟ್ಟ. ರಂಗದ ಮೇಲೆ ಮಗನ ಹೆಣ ಎತ್ತಿಕೊಂಡು ಹೋದ ಮೇಲೆ ಬರಿಯ ನೆಲಕ್ಕೆ ಗಾಳಿ ಹಾಕುತ್ತಾ ಕೂತ. ಜನ ಮೊದಲು ಉಸಿರು ಹಿಡಿದರು, ಆಮೇಲೆ ಅತ್ತರು, ಆಮೇಲೆ ಚಪ್ಪಾಳೆ ಹೊಡೆದರು. ಹಳೆಯ ಅಳುವಿಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಬಲ್ಲವನು ಅಷ್ಟು ದೂರದಿಂದ ಗಾಡಿ ಕಟ್ಟಿಕೊಂಡು ಬಂದು ನೋಡಿ ಭೇಷ್ ಅಂದ. ಮಾಲೀಕ ನಟನಿಗೆ ಶಾಲು ಹೊದಿಸಿದ. ಅವ್ವನ ಹೆಸರು ಊರೂರಿಗೆ ಹಬ್ಬಿತು.

ಹೀಗಿರುವಾಗ ಕಂಪನಿ ಆ ಕುಂಬಾರರ ಊರಿನ ಹತ್ತಿರ ಬಂತು. ಆ ತಾಯಿಯ ನೆರೆಯವರು ಒಳ್ಳೆಯ ಮನಸ್ಸಿನಿಂದಲೇ ಅವಳನ್ನು ನಾಟಕಕ್ಕೆ ಕರೆದುಕೊಂಡು ಬಂದರು. ಮಗ ಸತ್ತಾಗಿನಿಂದ ಮನೆ ಬಿಟ್ಟು ಕದಲಿಲ್ಲ, ಒಂದಿಷ್ಟು ಮನಸ್ಸು ಹಗುರಾಗಲಿ ಎಂದು. ಅವಳು ಕೂತು ನೋಡಿದಳು. ಎಲ್ಲರೂ ಅತ್ತರು, ಅವಳು ಅಳಲಿಲ್ಲ.

ಮರುದಿನ ಬೆಳಿಗ್ಗೆ ಡೇರೆಯ ಹಿಂದೆ ನಟ ಬಾಯಿ ಮುಕ್ಕಳಿಸುತ್ತಿದ್ದ. ಅವಳು ಒಬ್ಬಳೇ ಬಂದು ನಿಂತಳು.

"ನಿನ್ನೆ ಸೆರಗು ಬೀಸಿದಾಂವ ನೀನೇ ಏನು?"

"ಹೌದವ್ವಾ."

"ದಿನಾ ಸಂಜೀಕ ನನ್ನ ಮಗನ ಜಾಗಾದಾಗ ಕುಂತು ಹಂಗ ಗಾಳಿ ಹಾಕತಿದ್ದೆ. ಅಂವ ಅಲ್ಲೇ ಮಲಗ್ಯಾನ ಅನಸ್ತಿತ್ತು. ನಿನ್ನೆ ಮನೀಗೆ ಹೋಗಿ ಕೈ ಎತ್ತಿದೆ. ನಿಮ್ಮ ಮಂದಿ ಚಪ್ಪಾಳಿ ಕೇಳಿಸ್ತು. ಕೈ ಕೆಳಗ ಬಿತ್ತು. ಅದೊಂದಿತ್ತಪಾ ನನಗ. ಅದೂ ಹೋತು."

ನಟ ಅವಳ ಕಾಲು ಹಿಡಿಯಲು ಬಾಗಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಬಂದ ದಾರಿಯಲ್ಲೇ ಹೋದಳು.

ಅಲ್ಲಿಗೇ ಅವನು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಆ ದಿನವೆಲ್ಲ ಅನ್ನ ಮುಟ್ಟದೆ ಕೂತು ಏನು ಯೋಚನೆ ಮಾಡಿದ ಗೊತ್ತೇ? ಕುಂಬಾರಗಿತ್ತಿಯ ಸೆರಗು ಬಿಟ್ಟುಬಿಡೋಣ, ಬಡವಿಯ ಪಾತ್ರಕ್ಕೆ ಬೇರೆ ಮನೆಯಿಂದ ಏನಾದರೂ ತರೋಣ ಎಂದು ಯೋಚನೆ ಮಾಡಿದ. ಎಂಥ ಬುದ್ಧಿ ನೋಡು! ಕದ್ದ ಕೊಡ ಬಾವಿಗೆ ಎಸೆದು ಇನ್ನೊಂದು ಕೊಡ ಕದಿಯಲು ಹೊರಟ ಹಾಗೆ. ಆದರೆ ಅವನನ್ನು ಪೂರ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಹಳೆಯ ಅಳು ಅತ್ತರೆ ಪಾತ್ರ ಹೋಗುತ್ತದೆ ಎಂಬ ಹೆದರಿಕೆ ಅವನಿಗೆ. ಹೆದರಿದವನಿಗೆ ಬುದ್ಧಿ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಕುಂಬಾರಗಿತ್ತಿಯ ಸುದ್ದಿ ಸುತ್ತಲಿನ ಹಳ್ಳಿಗೆಲ್ಲ ಹಬ್ಬಿತ್ತು. ನಟನಿಗೆ ಅದು ಗೊತ್ತಿರಲಿಲ್ಲ. ಒಂದು ಊರಿನಲ್ಲಿ ಹರೆಯದ ಮಗ ಸತ್ತ ಮನೆಗೆ ಹೋದ. ಹೊರಗಿನಿಂದಲೇ ಅಳು ಕೇಳುತ್ತಿತ್ತು. ಪದ್ಧತಿಯ ಹಾಗೆ ಸತ್ತವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರು ಸುತ್ತ ಕೂತು ಅವನ ಗುಣ ಹೇಳಿ ಹೇಳಿ ಹಾಡಿಕೊಂಡು ಅಳುತ್ತಿದ್ದರು. ನಟ ಹೊಸ್ತಿಲು ದಾಟಿದ. ಒಬ್ಬ ಮುದುಕಿ ಅವನ ಗುರುತು ಹಿಡಿದಳು.

"ನಾಟಕದಾಂವ ಬಂದಾನ," ಅಂದಳು. "ಬಾಯಿ ಮುಚ್ಚರಿ."

ಒಬ್ಬೊಬ್ಬರಾಗಿ ಎಲ್ಲರೂ ಅಳು ನಿಲ್ಲಿಸಿದರು. ಸತ್ತವನ ತಾಯಿ ಸೆರಗು ಕಚ್ಚಿಕೊಂಡು ಅಳು ನುಂಗಿದಳು. ಹೊರಗೆ ಹೋಗು ಎಂದು ಯಾರೂ ಅವನಿಗೆ ಹೇಳಲಿಲ್ಲ, ಹಾಗೆ ಹೇಳುವ ಪದ್ಧತಿ ಇಲ್ಲವಲ್ಲ. ಸುಮ್ಮನೆ ಕಾದರು. ಸತ್ತ ಮನೆಯಲ್ಲಿ ತಾಯಿ ಅಳು ನುಂಗಿ ಕೂತದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ನಟ ತಲೆ ತಗ್ಗಿಸಿ ಎದ್ದು ಹೊರಗೆ ಬಂದ. ಓಣಿ ದಾಟುವ ಹೊತ್ತಿಗೆ ಅವನ ಬೆನ್ನ ಹಿಂದೆ ಅಳು ಮತ್ತೆ ಎದ್ದಿತು.

ಮಳೆಗಾಲ ಬಂತು. ಮಳೆಗಾಲದಲ್ಲಿ ಕಂಪನಿಗಳು ಡೇರೆ ಬಿಚ್ಚುತ್ತವೆ. ನಟ ತನ್ನ ಊರಿಗೆ ಹೋದ. ಅಲ್ಲಿ ಹೆಂಡತಿ ಇದ್ದಳು, ಒಬ್ಬಳೇ ಮಗಳಿದ್ದಳು. ಮಗಳ ಹೆಸರು ನೀಲವ್ವ. ಅಪ್ಪ ಬಂದನೆಂದರೆ ಅವನ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ. ಹೆಂಡತಿ ಹೆಚ್ಚು ಮಾತಿನವಳಲ್ಲ. ಕುಂಬಾರಗಿತ್ತಿಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಅವಳು ಗಂಡನನ್ನು ಏನೂ ಕೇಳಲಿಲ್ಲ. ರೊಟ್ಟಿ ಬಡಿದಳು, ನೀಡಿದಳು, ಅವನು ಉಣ್ಣುವುದನ್ನು ನೋಡುತ್ತಾ ಕೂತಳು. ಅವನಿಗೂ ಮನೆ ಹಿತವಾಯಿತು. ಇನ್ನು ಯಾರ ಮನೆಗೂ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಒಳ್ಳೆಯ ಆಣೆಯೇ. ತಡವಾಗಿತ್ತು, ಅಷ್ಟೇ.

ನೀಲವ್ವನಿಗೆ ಜ್ವರ ಬಂತು. ಕಷಾಯ ಕುಡಿಸಿದರು, ನಾಟಿ ವೈದ್ಯನನ್ನು ಕರೆಸಿದರು, ದೇವರಿಗೆ ಹರಕೆ ಹೊತ್ತರು. ಒಂದು ಮಧ್ಯಾಹ್ನ ಆ ಕೂಸು ತಾಯಿಯ ತೊಡೆಯ ಮೇಲೆ ಹೋಗಿಬಿಟ್ಟಿತು.

ಊರಿನ ಜನ ಬಂದರು. ಕರೆಯದೆ ಬಂದರು. ಮನೆ ತುಂಬಿತು. ಹೆಂಡತಿ ಅಳಲಿಲ್ಲ. ಮಗಳನ್ನು ತೊಡೆಯಿಂದ ಇಳಿಸಲಿಲ್ಲ. ಹೆಂಗಸರಿಗೆ ದಿಗಿಲಾಯಿತು. "ಅಳಿಸ್ರೇ ಆಕೀನ, ಇಲ್ಲಂದ್ರ ಎದಿ ಒಡದು ಸಾಯತಾಳ" ಅಂದರು. ಯಾರು ಹೇಳಿದರೂ ಅವಳು ಬಾಯಿ ಬಿಡಲಿಲ್ಲ. ಕೊನೆಗೆ ನಟನನ್ನು ಮುಂದಕ್ಕೆ ದೂಡಿದರು.

ಅವನು ಅಳುತ್ತಲೇ ಅವಳ ಎದುರು ಕೂತ. ಮಗಳು ಸತ್ತ ತಂದೆಯ ಅಳು ಅದು, ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಕೂತವನು ಹೆಂಡತಿಯ ಕೈ ನೋಡಿದ. ಅವಳು ಮಗಳ ಜಡೆ ಹೆಣೆಯುತ್ತಿದ್ದಳು. ಅರ್ಧ ಹೆಣೆಯುತ್ತಿದ್ದಳು, ಬಿಚ್ಚುತ್ತಿದ್ದಳು, ಬೆರಳಿನಿಂದ ಕೂದಲು ನೇವರಿಸಿ ಮತ್ತೆ ಮೊದಲಿನಿಂದ ಹೆಣೆಯುತ್ತಿದ್ದಳು. ಪೂರ್ತಿ ಹೆಣೆದರೆ ಮಗಳನ್ನು ಎತ್ತಿಕೊಂಡು ಹೋಗುತ್ತಾರಲ್ಲ. ನಟ ನೋಡಿದ. ಬೆರಳು ಎಲ್ಲಿ ನಿಲ್ಲುತ್ತದೆ, ಕೂದಲನ್ನು ಹೇಗೆ ಬಿಡುತ್ತದೆ, ತಲೆ ಯಾವ ಕಡೆಗೆ ವಾಲುತ್ತದೆ, ಎಲ್ಲವನ್ನೂ ಅವನ ಕಣ್ಣು ಹಿಡಿಯತೊಡಗಿತು. ಅವನು ಬೇಕೆಂದು ಮಾಡಲಿಲ್ಲ, ಈರಸಂಗಾ. ಶಿವನಾಣೆ, ಬೇಕೆಂದು ಮಾಡಲಿಲ್ಲ. ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು.

ಹೆಂಡತಿಯ ಕೈ ನಿಂತಿತು. ಅವಳು ತಲೆ ಎತ್ತಿ ಗಂಡನ ಕಣ್ಣು ನೋಡಿದಳು. ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನೀವು ಹೊರಗ ಹೋಗ್ರಿ," ಅಂದಳು. "ನನಗ ಅಳೂದೈತಿ."

ನಟ ಎದ್ದ. ಗೋಡೆ ಹಿಡಿದುಕೊಂಡು ಹೊರಗೆ ಬಂದ. ಅಂಗಳದಲ್ಲಿ ಮಳೆ ಹನಿಯುತ್ತಿತ್ತು. ಮಗಳು ಸತ್ತ ಮನೆಗೆ ಊರೆಲ್ಲ ಬಂದು ಒಳಗೆ ಕೂತಿತ್ತು, ತಂದೆ ಒಬ್ಬ ಹೊರಗೆ ನಿಂತಿದ್ದ. ಆಮೇಲೆ ಒಳಗಿನಿಂದ ಅಳು ಕೇಳಿಸಿತು. ಅವಳದೇ ಅಳು. ಅವನು ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ನಿಂತ. ನೋಡಿದವರು ಪಾಪ, ತಾಳಲಾರದೆ ಕಿವಿ ಮುಚ್ಚಿಕೊಂಡಿದ್ದಾನೆ ಅಂದರು. ಹಾಗಲ್ಲ. ಅದನ್ನು ಕಲಿತುಬಿಡುತ್ತೇನೆ ಎಂದು ಹೆದರಿ ಮುಚ್ಚಿಕೊಂಡಿದ್ದ. ಹೆಂಡತಿಗೆ ಅವನು ಕೊಡಬಹುದಾದದ್ದು ಅದೊಂದೇ ಉಳಿದಿತ್ತು.

ಮಳೆಗಾಲ ಕಳೆದ ಮೇಲೆ ಅವನು ಕಂಪನಿಗೆ ಮರಳಿದ. ಮಗ ಸತ್ತ ಸುದ್ದಿ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡ, ಹಿಂದಕ್ಕೆ ಸರಿದ, ಮೊಣಕಾಲೂರಿದ, ಕೂಗಿದ. ರಾಣಿಗೂ ಅದೇ, ತಿರುಕಿಗೂ ಅದೇ. ಅವನ ಮಗಳು ಸತ್ತದ್ದು ಕಂಪನಿಯವರಿಗೆ ಗೊತ್ತಿತ್ತು. ಈಗ ಇವನ ಅಳು ಇನ್ನೂ ಸೊಗಸಾಗುತ್ತದೆ ಎಂದು ಕಾದಿದ್ದರು. ಬಲ್ಲವನು ಬಂದು ನೋಡಿ, ಮುಗೀತು ಇವನ ಕತೆ ಅಂದ. ಮಾಲೀಕ ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ಪಾತ್ರ ಬೇರೆಯವನಿಗೆ ಕೊಟ್ಟ. ನಟ ಮಾತಿಲ್ಲದ ದಾಸಿಯಾಗಿ ಹೊಸ ಅವ್ವನ ಹಿಂದೆ ಚಾಮರ ಹಿಡಿದು ನಿಂತ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದವರಿಗೆ, ನನಗೆ ಅಷ್ಟೇ ಬರುತ್ತದೆ ಅನ್ನುತ್ತಿದ್ದ.

ಅವನ ಹೆಂಡತಿ ಬದುಕಿರುವವರೆಗೆ ಅವನ ಎದುರು ಅಳಲಿಲ್ಲ. ಅವನೂ ಅವಳ ಎದುರು ಅಳಲಿಲ್ಲ. ಜಗಳವೇನೂ ಇರಲಿಲ್ಲ. ಒಂದೇ ಮನೆಯಲ್ಲಿದ್ದು, ಒಂದೇ ಕೂಸಿಗಾಗಿ, ಅವಳು ಅಡುಗೆಮನೆಯಲ್ಲಿ ಕೂತು ಅತ್ತಳು, ಅವನು ಹಿತ್ತಲಲ್ಲಿ ಕೂತು ಅತ್ತ.

ಅಜ್ಜ ಕತೆ ನಿಲ್ಲಿಸಿದರು. ಅವರ ದನಿ ಗಟ್ಟಿಯಾಗಿತ್ತು, ಕಣ್ಣು ಒದ್ದೆಯಾಗಿತ್ತು.

ಈರಸಂಗ ಮೆಲ್ಲಗೆ ಕೇಳಿದ. "ಹಾಗಾದರೆ ಎಲ್ಲ ತಾಯಂದಿರನ್ನೂ ಒಂದೇ ತರಹ ಮಾಡುವುದು ದೋಷವಲ್ಲ ಅನ್ನುತ್ತೀರಾ ಅಜ್ಜಾ?"

"ದೋಷವೇ ಹೌದಪ್ಪಾ, ನಾಳೆ ಹೋಗಿ ಅವಳಿಗೆ ಹೇಳು, ಕಲಿಯಲು ಯಾರ ಮನೆಗೆ ಹೋಗಬೇಕು ಎನ್ನುವುದನ್ನೂ ಹೇಳಿ ಬಾ."